ಆಯಿಗೆ ನೀರು ಕುಡಿಯುವುದನ್ನು ನೆನಪಿಸಲು: ಹಳೇ ಫೋನೋ, ಪುಟ್ಟ ರೋಬೋಟೋ?

ಶಿರಸಿಯ ನಮ್ಮನೆಯಲ್ಲಿ ಎರಡನ್ನೂ ಮಾಡಿ ನೋಡಿದೆ.

ಹಳೇ ಫೋನನ್ನು ರಟ್ಟಿನ ಗೊಂಬೆಯೊಳಗೆ ಕೂರಿಸಿದರೆ ಖರ್ಚು ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೂ ಬ್ಯಾಟರಿ ಇದೆ, ಕನ್ನಡದಲ್ಲೇ ಮಾತಾಡುತ್ತದೆ. ಆದರೆ ನಾಲ್ಕನೇ ದಿನ ಆಯಿ ಅಲಾರಂ ಬಂದ್ ಮಾಡಿದ ಹಾಗೆ ಸುಮ್ನೆ ಬಂದ್ ಮಾಡಿದಳು.

ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ 9 ಗ್ರಾಂನ ಸರ್ವೋ ಮೋಟರ್ (ಹೇಳಿದಷ್ಟೇ ತಿರುಗುವ ಮೋಟರ್) ಜೋಡಿಸಿದರೆ ಗೊಂಬೆಯ ಕತ್ತು ತಿರುಗುತ್ತದೆ. ಅದು ಚೊಂಬಿನ ಕಡೆ ನೋಡುತ್ತದೆ, ಮತ್ತೆ ಆಯಿಯ ಕಡೆ. "ತಡ್ಯೋ ಮಾರಾಯ, ಕುಡಿತಿ" ಅಂತ ಚೊಂಬು ಎತ್ತುತ್ತಾಳೆ! ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾಗಿದ್ದ ಕೋರಿ ಕಿಡ್ ತೂಕ ಇಳಿಸುವವರ ಕೈಗೆ ರೋಬೋಟ್ ಕೊಟ್ಟಾಗಲೂ, ಕಾಗದದಲ್ಲಿ ಲೆಕ್ಕ ಬರೆದವರಿಗಿಂತ ರೋಬೋಟ್ ಇದ್ದವರೇ ಲೆಕ್ಕ ಇಡುವುದನ್ನು ಜಾಸ್ತಿ ದಿನ ಮುಂದುವರಿಸಿದ್ದರು.

ನನ್ನ ಆಯ್ಕೆ ಕತ್ತು ತಿರುಗಿಸುವುದೇ. ಕಾರವಾರದ ಕಡೆಯವರು ಮಾತ್ರ ವೈರುಗಳಿಗೆ ಬೆಸುಗೆ ಹಾಕಿ, ಡಬ್ಬಿಯಲ್ಲಿ ಮುಚ್ಚಿಡಿ. ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.