ಪಾಡ್ರೆ ದ್ವೀಪವೋ, ಗೂಸ್ ದ್ವೀಪವೋ?

ಟೆಕ್ಸಾಸ್ ಕರಾವಳಿಗೆ ಆರ್‌ವಿ (ಒಳಗೇ ಮಲಗಿ ಉಳಿಯಬಹುದಾದ ಪ್ರವಾಸಿ ವಾಹನ) ತೆಗೆದುಕೊಂಡು ಹೊರಟವರಿಗೆ ಕಾರ್ಪಸ್ ಕ್ರಿಸ್ಟಿ ನಗರದ ಸುತ್ತ ಎರಡು ಒಳ್ಳೆಯ ತಾಣಗಳಿವೆ. ಕಡಲ ದಂಡೆಯಲ್ಲಿ ಕಾಲು ಸೋಲುವವರೆಗೂ ನಡೆಯಬೇಕೆಂದರೆ ಪಾಡ್ರೆ ಐಲ್ಯಾಂಡ್ ರಾಷ್ಟ್ರೀಯ ಕಡಲತೀರಕ್ಕೇ ಹೋಗಿ. ಸುಮಾರು 110 ಕಿಲೋಮೀಟರ್ ಉದ್ದದ ಮರಳು; ಅಂಗಡಿ, ಹೋಟೆಲುಗಳ ಸಾಲಿಲ್ಲ. ಅಲೆ ಹಿಂದೆ ಸರಿದೊಡನೆ ಅದರ ಬೆನ್ನಟ್ಟಿ ಓಡಿ, ಮರಳಿ ಬಂದಾಗ ದಡಬಡಿಸಿ ಹಿಂದೋಡುವ ಸ್ಯಾಂಡರ್‌ಲಿಂಗ್ ಹಕ್ಕಿಗಳನ್ನು ನೋಡುತ್ತ ಬೆಳಗು ಕಳೆದುಬಿಡಬಹುದು. ನೀರಿಗೆ ತಾಗಿದಂತೆ ಸಾಲಾಗಿ ತೇಲುವ ಕಂದು ಪೆಲಿಕನ್‌ಗಳೂ ಸಿಗುತ್ತವೆ. ಆದರೆ ಅಲ್ಲಿ ತಂಗುವ ಮಲಾಕೀಟ್ ಶಿಬಿರದಲ್ಲಿ ವಾಹನಕ್ಕೆ ವಿದ್ಯುತ್ ಸಂಪರ್ಕವಿಲ್ಲ, ಸ್ನಾನಕ್ಕೆ ತಣ್ಣೀರೇ ಗತಿ.

ರಾಕ್‌ಪೋರ್ಟ್ ಬಳಿಯ ಗೂಸ್ ಐಲ್ಯಾಂಡ್ ಸ್ಟೇಟ್ ಪಾರ್ಕ್‌ನಲ್ಲಿ ನೀರು, ವಿದ್ಯುತ್ ಎರಡೂ ಇವೆ. ಮರಳ ದಂಡೆಯ ಆಸೆ ಮಾತ್ರ ಬಿಡಿ. ಇದು ಕೊಲ್ಲಿಯ ತೀರ, ಕೆಸರು ಮತ್ತು ಸಿಂಪಿಚಿಪ್ಪಿನದು. ಇಲ್ಲಿಗೆ ಬರುವುದು ವೂಪಿಂಗ್ ಕ್ರೇನ್‌ಗಾಗಿ. ಐದಡಿ ಎತ್ತರದ ಈ ಬಿಳಿಯ ಹಕ್ಕಿಗಳು 1941ರ ಹೊತ್ತಿಗೆ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದವು. ಕೆನಡಾದಿಂದ ಸುಮಾರು 4,000 ಕಿಲೋಮೀಟರ್ ಹಾರಿ ಬಂದು ಚಳಿಗಾಲವನ್ನು ಈ ಜೌಗಿನಲ್ಲಿ ಕಳೆಯುತ್ತವೆ. ಸಾವಿರ ವರ್ಷ ದಾಟಿದೆಯೆನ್ನುವ ಓಕ್ ಮರವೂ ಉದ್ಯಾನದಲ್ಲಿದೆ.

ಡಿಸೆಂಬರ್‌ನಿಂದ ಫೆಬ್ರುವರಿಯಾದರೆ ನಾನು ಕಣ್ಣುಮುಚ್ಚಿ ಗೂಸ್ ದ್ವೀಪ ಆರಿಸುತ್ತೇನೆ, ಏಪ್ರಿಲ್‌ನಲ್ಲಾದರೆ ಪಾಡ್ರೆ. ಬೇಸಗೆಯ ಬಿಸಿಲಿನಲ್ಲಿ, ಹವಾನಿಯಂತ್ರಣವಿಲ್ಲದೆ ಮಲಗಬೇಕಾದ ಪಾಡ್ರೆಯನ್ನು ಯಾರಿಗೂ ಹೇಳಲಾರೆ. ದುರ್ಬೀನು ಎರಡಕ್ಕೂ ಬೇಕು.