ಮಾವೊರಿ ಕಲಿಯಲು ಯಾವ ಸಾಫ್ಟ್‌ವೇರ್? ಬೆಳಗಾವಿ ಕಡೆಯವರಿಗೊಂದು ವಿಮರ್ಶೆ

ಬೆಳಗಾವಿ, ಚಿಕ್ಕೋಡಿ ಕಡೆಯಿಂದ ಓದಿಗೋ ನರ್ಸಿಂಗ್ ಕೆಲಸಕ್ಕೋ ನ್ಯೂಜಿಲೆಂಡಿಗೆ ಹೊರಡುವವರು ಅಲ್ಲಿಯ ಮೂಲನಿವಾಸಿಗಳ ಭಾಷೆಯಾದ ಮಾವೊರಿ ಕಲಿಯಬೇಕೆಂದಾಗ ಮೊದಲು ನೆನಪಾಗುವುದು ಭಾಷೆ ಕಲಿಸುವ ಆ್ಯಪ್ ಡ್ಯುಯೊಲಿಂಗೊ. ಅದರಲ್ಲಿ ಮಾವೊರಿ ಕೋರ್ಸೇ ಇಲ್ಲ. ಆಮೇಲೆ ಕಣ್ಣಿಗೆ ಬೀಳುವುದು ಅಂಥದೇ ಇನ್ನೊಂದು ಆ್ಯಪ್ ಡ್ರಾಪ್ಸ್. ಚಿತ್ರಗಳು ಚೆಂದ, ಉಚ್ಚಾರ ಸ್ಪಷ್ಟ, ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ 5 ನಿಮಿಷ. ಆದರೆ ಅದರ ಭರ ಬಿಡಿ ಪದಗಳ ಮೇಲೆ. ಮಾವೊರಿ ವಾಕ್ಯ ನಿಂತಿರುವುದು ಕ್ರಿಯಾಪದದ ಹಿಂದೆ ಮುಂದೆ ಬರುವ ಪುಟ್ಟ ಪದಗಳ ಮೇಲೆ. ‘ಎ ಕೈ ಅನ ಔ’ ಅಂದರೆ ‘ಉಣ್ಣಾಕತ್ತೀನಿ’, ‘ಕುಅ ಕೈ ಔ’ ಅಂದರೆ ‘ಉಂಡೀನಿ’. ಊಟದ ಚಿತ್ರ ತೋರಿಸಿ ಇದನ್ನು ಕಲಿಸಲು ಆಗುವುದಿಲ್ಲ.

ಹಾಗಾಗಿ ನಮ್ಮ ಸಲಹೆ: ಪಾಠಕ್ಕೆ ‘ತೆ ಫನಕೆ’ ಜಾಲತಾಣ, ನಿಘಂಟಿಗೆ ‘ತೆ ಅಕ’, ನೆನಪಿಗೆ ಆಂಕಿ (ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಇರುವ ಕಾರ್ಡುಗಳನ್ನು ಮತ್ತೆ ಮತ್ತೆ ಕೇಳುವ ಸಾಫ್ಟ್‌ವೇರ್). ಮೊದಲೆರಡೂ ಜಾನ್ ಮೂರ್‌ಫೀಲ್ಡ್ ಅವರ ಕೆಲಸ, ಜಾಲದಲ್ಲಿ ಉಚಿತ. ಆಂಕಿ ಕಂಪ್ಯೂಟರಿಗೂ ಆಂಡ್ರಾಯ್ಡಿಗೂ ಉಚಿತ, ಐಫೋನಿಗೆ ಮಾತ್ರ ದುಡ್ಡು. ವಿವರಣೆ ಇಂಗ್ಲಿಷಿನಲ್ಲೇ ಓದಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಮೂರರಲ್ಲಿ ‘ತೆ ಅಕ’ಕ್ಕೆ ಸಾಟಿಯಿಲ್ಲ. ಪದದ ಜೊತೆ ಧ್ವನಿ ಇದೆ, ಉದಾಹರಣೆ ವಾಕ್ಯ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಕ್ರಿಯಾಪದದ ಪಕ್ಕದಲ್ಲೇ ಕರ್ಮಣಿ ಪ್ರತ್ಯಯ ಕೊಟ್ಟಿರುತ್ತಾರೆ. ‘ಇನು’ (ಕುಡಿ) ‘ಇನುಮಿಅ’ ಆಗುತ್ತದೆ, ‘ಹೊಪು’ (ಹಿಡಿ) ‘ಹೊಪುಕಿಅ’ ಆಗುತ್ತದೆ, ‘ಕಿತೆ’ (ನೋಡು) ಬರೀ ‘ಕಿತೆಅ’. ಧಾತು ನೋಡಿ ಇದನ್ನು ಊಹಿಸಲು ಬರುವುದಿಲ್ಲ. ಕಾರ್ಡ್ ಮಾಡುವಾಗಲೇ ಪ್ರತ್ಯಯ ಸೇರಿಸಿ ಬರೆದುಕೊಳ್ಳಿ, ಆಮೇಲೆ ಸೇರಿಸುತ್ತೇನೆಂದರೆ ಎರಡು ಪಟ್ಟು ಕೆಲಸ.

ಕಾರ್ಡ್ ಮಾಡುವ ಮೊದಲು ಕೀಬೋರ್ಡ್ ಸರಿ ಮಾಡಿಕೊಳ್ಳಬೇಕು. ಮಾವೊರಿಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ, ದೀರ್ಘ ಸ್ವರಕ್ಕೆ ಮೇಲೊಂದು ಗೆರೆ. ‘ವಹಿನೆ’ ಒಬ್ಬ ಹೆಂಗಸು, ‘ವಾಹಿನೆ’ ಹಲವರು; ಗೆರೆ ಬಿಟ್ಟರೆ ವಚನವೇ ಬದಲು. ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್‌ಗೆ ಹೋಗಿ ಮಾವೊರಿ ಸೇರಿಸಿ. ಡಿಸ್‌ಪ್ಲೇ ಲ್ಯಾಂಗ್ವೇಜ್ ಮಾಡುವ ಟಿಕ್ ಮಾತ್ರ ತೆಗೆಯಿರಿ. ಎಸ್ಕೇಪ್ ಕೆಳಗಿನ ಬ್ಯಾಕ್‌ಟಿಕ್ ಒತ್ತಿ ಬಿಟ್ಟು, ನಂತರ ಸ್ವರ ಒತ್ತಿದರೆ ಗೆರೆ ಬರುತ್ತದೆ. ಕನ್ನಡ, ಮರಾಠಿ ಕೀಬೋರ್ಡುಗಳೂ ಇರುವ ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತುತ್ತ ಮಾವೊರಿಗೆ ಬರಬೇಕು. ಗೆರೆ ಬರದಿದ್ದರೆ ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಚಾಲೂ ಇದೆಯಾ ನೋಡಿ. ಕೀಲಿಗಳನ್ನು ಮೊದಲು ಅದೇ ಹಿಡಿದುಕೊಳ್ಳುತ್ತದೆ. ಸ್ಕ್ರೋಲ್ ಲಾಕ್ ಒತ್ತಿ ಕನ್ನಡ ಬಂದ್ ಮಾಡಿ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ಅರ್ಥಗಳೂ ಆಂಕಿಯಲ್ಲಿ ಓದಲು ಬರುವುದಿಲ್ಲ, ಯೂನಿಕೋಡಿನಲ್ಲೇ ಬರೆಯಿರಿ.

ಆಂಕಿಗೆ ಹಾಕುವ ಪದಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುವವರು ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಆರಿಸಬೇಕು. ಸಾದಾ ಸಿಎಸ್‌ವಿಯಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಗೆರೆಯೂ ಉಳಿಯುವುದಿಲ್ಲ. ಆಂಕಿಯಲ್ಲಿ ‘ಬೇಸಿಕ್, ಟೈಪ್ ಇನ್ ದಿ ಆನ್ಸರ್’ ಮಾದರಿ ತಗೊಳ್ಳಿ: ಉತ್ತರ ಟೈಪ್ ಮಾಡಿದಾಗ ತಪ್ಪಿದ ಅಕ್ಷರ ಕೆಂಪಾಗಿ ಕಾಣುತ್ತದೆ, ದೀರ್ಘ ಬಿಟ್ಟದ್ದೂ ಸಿಕ್ಕಿಬೀಳುತ್ತದೆ. ಮೇಲಿನ ಗುರುತು ಕಡೆಗಣಿಸುವ ‘ಎನ್‌ಸಿ’ ಆಯ್ಕೆಯನ್ನು ಮಾವೊರಿಗೆ ಬಳಸಲೇಬೇಡಿ. ನ್ಯೂಜಿಲೆಂಡಿನ ವೈಕಾತೊ ಭಾಗದವರು ಗೆರೆಯ ಬದಲು ಸ್ವರವನ್ನೇ ಎರಡು ಸಲ ಬರೆಯುತ್ತಾರೆ. ಅಲ್ಲಿಯ ಪಠ್ಯ ಸೇರಿಸುವಾಗ ಒಂದೇ ಪದ್ಧತಿಗೆ ತಂದುಕೊಳ್ಳಿ, ಇಲ್ಲವಾದರೆ ಸರಿ ಉತ್ತರವೂ ತಪ್ಪೆಂದು ಬರುತ್ತದೆ.

ಉಚ್ಚಾರದಲ್ಲಿ ಕನ್ನಡಿಗರಿಗೆ ಕಷ್ಟ ಕಡಿಮೆ. ಕ, ಪ, ತ ಅಲ್ಪಪ್ರಾಣಗಳೇ. ವರ್ಣಮಾಲೆಯಲ್ಲಷ್ಟೇ ಓದುವ ಙ ಅಲ್ಲಿ ಪದದ ಮೊದಲಲ್ಲೇ ಬರುತ್ತದೆ, ಅದನ್ನು ‘ನ್ಗ’ ಮಾಡದೆ ಧ್ವನಿ ಕೇಳಿ ರೂಢಿಸಿಕೊಳ್ಳಿ.

ಗೂಗಲ್ ಟ್ರಾನ್ಸ್‌ಲೇಟ್ ನಂಬಿ ಕಾರ್ಡ್ ಮಾಡಬೇಡಿ. ‘ನಾವು’ ಅನ್ನಲು ಮಾವೊರಿಯಲ್ಲಿ ನಾಲ್ಕು ಪದ: ಕೇಳುವವರೂ ಸೇರಿದರೆ ತಾತೊಉ, ಸೇರದಿದ್ದರೆ ಮಾತೊಉ, ಇಬ್ಬರೇ ಆದರೆ ತಾಉಅ, ಮಾಉಅ. ಬರೀ ‘ನಾವು’ ಎಂದು ಕೊಟ್ಟರೆ ಯಂತ್ರಕ್ಕೆ ಯಾವುದೆಂದು ಗೊತ್ತಾಗುವ ಬಗೆಯಿಲ್ಲ. ಮರಾಠಿ ಬಲ್ಲ ಬೆಳಗಾವಿಯವರು ಅರ್ಥದ ಜಾಗದಲ್ಲಿ ‘ಆಪಣ’ (ಕೇಳುವವರೂ ಸೇರಿ), ‘ಆಮ್ಹೀ’ (ಕೇಳುವವರು ಸೇರದೆ) ಎಂದೇ ಬರೆದುಕೊಂಡು, ಪಕ್ಕದಲ್ಲಿ ‘ಇಬ್ಬರು’, ‘ಹಲವರು’ ಎಂದು ಸೇರಿಸಿದರೆ ನಾಲ್ಕೂ ಗೊಂದಲವಿಲ್ಲದೆ ಕೂಡುತ್ತವೆ.