ಆಲ್ಟೋಸ್ ಅಡ್ವೆಂಚರ್: ಒಂದೇ ಬೆರಳಿನ ಹಿಮಜಾರಾಟ

2015ರ ಈ ಮೊಬೈಲ್ ಗೇಮ್‌ನಲ್ಲಿ ಬಟನ್‌ಗಳ ಗೋಜಿಲ್ಲ. ಪರದೆ ಮುಟ್ಟಿದರೆ ಜಿಗಿತ, ಗಾಳಿಯಲ್ಲಿ ಒತ್ತಿ ಹಿಡಿದರೆ ಹಿಂಪಲ್ಟಿ. ಸಣ್ಣ ದಿಬ್ಬದಲ್ಲಿ ಪಲ್ಟಿಗೆ ಕೈಹಾಕಬೇಡಿ. ಸುತ್ತು ಮುಗಿಯುವ ಮೊದಲೇ ನೆಲ ಬಂದು ಮುಖ ಹಿಮದಲ್ಲಿ ಹೂತುಹೋಗುತ್ತದೆ. ಇಳಿಜಾರು ಕಡಿದಾಗಿ ತಿರುಗುವ ಅಂಚೇ ಸರಿಯಾದ ಜಾಗ.

ಹಬ್ಬದ ತೋರಣದಂತೆ ಕಟ್ಟಿದ ಬಾವುಟದ ಹಗ್ಗಗಳೇ ಇದರ ಜೀವ. ಹಗ್ಗದ ಮೇಲೆ ಜಾರಿ, ಅಲ್ಲಿಂದಲೇ ಜಿಗಿದು ಪಲ್ಟಿ ಹೊಡೆದರೆ ಕಾಂಬೋ, ಅಂದರೆ ಒಂದರ ಬೆನ್ನಿಗೊಂದು ಕಸರತ್ತು. ಕಾಂಬೋ ಬೆಳೆದಷ್ಟೂ ಹಿಮದಲ್ಲಿ ಜಾರುವ ನಾಯಕ ಆಲ್ಟೋನ ಸ್ಕಾರ್ಫ್ ಉದ್ದವಾಗುತ್ತದೆ, ವೇಗವೂ ಏರುತ್ತದೆ. ಆ ವೇಗದಲ್ಲಿ ಬಂಡೆಯೇ ಪುಡಿ. ನಿಧಾನವಾಗಿದ್ದರೆ ಪುಡಿಯಾಗುವುದು ನೀವು. ಆಟದಲ್ಲಿ ನಿಮ್ಮನ್ನು ಹಿಡಿಯಲು ಬೆನ್ನಟ್ಟುವ ಅಜ್ಜನಿಂದ ಪಾರಾಗಲೂ ಇದೇ ಉಪಾಯ. ಲಾಮಾ (ಒಂಟೆ ಜಾತಿಯ ಪ್ರಾಣಿ) ಹಿಡಿಯುವ ಗುರಿಗಳು ಮಾತ್ರ ಕೊನೆಕೊನೆಗೆ ಬೇಸರ ತರಿಸುತ್ತವೆ. ಅಂಕಗಳೇ ಬೇಡವೆಂದರೆ ಝೆನ್ ಮೋಡ್ ಇದೆ, ಹೆಡ್‌ಫೋನ್ ಹಾಕಿಕೊಳ್ಳಿ.